ಮೌನೇಶ ಮಾಯಾಪೆಟ್ಟಿಗೆ ಮಾರಿದ್ದು

ನಗಬೇಡಿ. ಕತೆ ಶುರುವಾಗುವ ಮುಂಚೆಯೇ ಹೇಳಿಬಿಡುತ್ತೇನೆ, ಈ ಕತೆ ಕೇಳಿ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೆದ್ದನ ಕತೆ ಅಂದ ಕೂಡಲೇ ಹಲ್ಲು ಕಿರಿದುಕೊಂಡು ಬಂದು ಕೂರುತ್ತೀರಿ. ನಗಲೇಬೇಕು ಅನ್ನುವವರು ಬಾಯಿಗೆ ಟವಲ್ಲು ಅಡ್ಡ ಇಟ್ಟುಕೊಂಡು ನಗಿ. ನನಗೆ ಕೇಳಿಸಬಾರದು.

ಕೊಳಗಟ್ಟದ ಪೇಟೆಬೀದಿಯಲ್ಲಿ ಕಾಳಮ್ಮ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಮೌನೇಶ. ವಯಸ್ಸು ಇಪ್ಪತ್ತೆರಡು, ಬುದ್ಧಿ ಎಷ್ಟು ಅಂತ ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಒಂದು ಗೆರೆ ಆಚೆ ಇಲ್ಲ, ಒಂದು ಗೆರೆ ಈಚೆ ಇಲ್ಲ. "ಹಾಲು ಉಕ್ಕೋದು ನೋಡ್ಕೊಂಡಿರೋ" ಅಂದರೆ ಒಲೆಯ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡುವನು. ಹಾಲು ಉಕ್ಕಿ, ಒಲೆ ಆರಿ, ಮನೆಯೆಲ್ಲ ಕಮಟು ವಾಸನೆ ಆದ ಮೇಲೆ "ಅವ್ವಾ, ಉಕ್ತು! ಚೆನ್ನಾಗಿ ಉಕ್ತು!" ಅನ್ನುವನು.

"ನನ್ನ ಹೊಟ್ಟೇಲಿ ಹುಟ್ಟೋ ಬದಲು ಕಲ್ಲಾಗಿ ಹುಟ್ಟಿದ್ರೆ ಬಟ್ಟೆನಾದ್ರೂ ಒಗೀತಿದ್ದೆ ಕಣೋ!" ಅಂತ ಕಾಳಮ್ಮ ಹಣೆ ಚಚ್ಚಿಕೊಳ್ಳುವಳು.

ಆದರೆ ಕೈ! ಅವನ ಕೈ ಅಪ್ಪನ ಕೈ. ಅಪ್ಪ ಸೋಮಾಚಾರಿ ಬಡಗಿ. ಮಂಚ ಕುರ್ಚಿ ಮಾಡುವ ಬಡಗಿಯಲ್ಲ, ಜಾದೂಗಾರರ ಬಡಗಿ. ಪಾರಿವಾಳ ಮಾಯವಾಗುವ ಪೆಟ್ಟಿಗೆ, ಎಷ್ಟು ಸುರಿದರೂ ಅಕ್ಕಿ ಬರುವ ಸೇರು, ಕಳ್ಳ ತಳದ ಡಬ್ಬಿ, ಎಲ್ಲ ಅವನ ಮನೆಯಿಂದಲೇ ಹೋಗಬೇಕು. ಅವನು ಕೂಡಿಸಿದ ಹಲಗೆಯ ಸಂದನ್ನು ಇರುವೆಯೂ ಹುಡುಕಲಾರದು. ಅವನು ಸತ್ತ ಮೇಲೆ ಉಳಿ ಹಿಡಿದವನು ಮೌನೇಶ. "ಮೂರು ಗೆರೆ ಕೀಸು" ಅಂದರೆ ಮೂರೇ ಗೆರೆ. ಹೇಳಿದಷ್ಟೇ ಮಾಡುವವನಿಗೆ ಬಡಗಿ ಕೆಲಸ ಹೇಳಿ ಮಾಡಿಸಿದ ಹಾಗೆ. ಕಾಳಮ್ಮ ಬಣ್ಣ ಹಚ್ಚುವಳು, ಕನ್ನಡಿ ಕೂರಿಸುವಳು, ಒಂದೊಂದು ಪೆಟ್ಟಿಗೆಯ ಗುಟ್ಟೂ ಅವಳಿಗೆ ಬಾಯಿಪಾಠ.

ಹಾಗಾದರೆ ಅವಳೇ ಮಾರಬಹುದಿತ್ತಲ್ಲ? ಅದನ್ನೇ ಕೇಳ್ತೀರಿ ಅಂತ ಗೊತ್ತಿತ್ತು. ಮಾರುವ ಹಾಗಿಲ್ಲ! ಆ ಕಸುಬಿನಲ್ಲಿ ಒಂದು ಕಟ್ಟಳೆ. ಪೆಟ್ಟಿಗೆಗೆ ಬೆಲೆ ಇಲ್ಲ, ಗುಟ್ಟಿಗೆ ಬೆಲೆ. ಕೊಳ್ಳುವವನು ಮೊದಲು ದುಡ್ಡು ಕೊಡಬೇಕು, ಮುಚ್ಚಳದ ಮೇಲೆ ಅಂಗೈ ಇಡಬೇಕು, ಆಮೇಲೆ ಅಂಗಡಿಯವನು ಅವನ ಕಿವಿಯಲ್ಲಿ ಗುಟ್ಟು ಹೇಳಬೇಕು. ಗುಟ್ಟು ಕೇಳಿದ ಮೇಲೆ ಸಾಮಾನು ವಾಪಸಿಲ್ಲ. ಹೆಂಗಸಿನ ಬಾಯಿಂದ ಗುಟ್ಟು ಕೇಳಿಸಿಕೊಂಡರೆ ಜಾದೂ ಕೈ ಹಿಡಿಯುವುದಿಲ್ಲವಂತೆ! ಹೆಂಗಸು ಬಣ್ಣ ಹಚ್ಚಬಹುದು, ಕನ್ನಡಿ ಕೂರಿಸಬಹುದು, ಗಂಡ ಸತ್ತ ಮೇಲೂ ಮನೆ ನಡೆಸಬಹುದು, ಬಾಯಿ ಮಾತ್ರ ತೆಗೆಯಬಾರದು. ಯಾವನು ಮಾಡಿದ ಕಟ್ಟಳೆಯೋ, ಅವನ ಬಾಯಿಗೆ ಮಣ್ಣು ಬೀಳ.

ಇನ್ನೊಬ್ಬ ಇದ್ದಾನೆ, ಸೋಮಾಚಾರಿಯ ತಮ್ಮ ನಾಗಲಿಂಗಾಚಾರಿ. ಹುಟ್ಟಿದಾಗಿಂದ ಉಳಿ ಮುಟ್ಟಿದವನಲ್ಲ. ಜಾದೂ ಸಾಮಾನಿಗೆ ನೋಟೀಸು ಬರೆದು ಅಚ್ಚು ಹಾಕಿಸುವುದು ಅವನ ಕೆಲಸ. ಒಂದು ಸಣ್ಣ ಡಬ್ಬಿಗೆ ಅವನು ಬರೆಯುವ ನೋಟೀಸು ಕೇಳಿ: "ಅತ್ಯದ್ಭುತ! ಪರಮಾಶ್ಚರ್ಯ! ಮೂರು ಲೋಕದಲ್ಲಿ ಇಲ್ಲ! ನೋಡಿದವರು ಮೂರ್ಛೆ ಹೋಗಿ ಬೀಳುವುದು ಖಂಡಿತ! ಮಗು ಕೂಡ ಮಾಡಬಹುದು!" ಎಲ್ಲ ಬೊಗಳೆ. ಜಾದೂಗಾರರಿಗೂ ಗೊತ್ತು ಬೊಗಳೆ ಅಂತ. ಊರೂರಿಗೆ ಟೋಪಿ ಹಾಕುವ ಜನ, ಇವನ ನೋಟೀಸು ಓದಿ ಬಾಯಲ್ಲಿ ನೀರು ಸುರಿಸಿಕೊಂಡು ಬರುತ್ತಿದ್ದರು. ಸುಳ್ಳರು ಬರೆದದ್ದು, ಸುಳ್ಳರು ಓದಿದ್ದು. ಅದನ್ನು ನಿಜ ಅಂತ ನಂಬಿದವನು ಊರಿಗೆಲ್ಲ ಒಬ್ಬನೇ, ಅವನನ್ನು ಪೆದ್ದ ಅಂತ ಕರೆದರು.

ಈ ನಾಗಲಿಂಗಾಚಾರಿ ಅತ್ತಿಗೆಯ ಮುಂದೆ ಬಂದು ನಿಂತ.

"ಅತ್ಗೆ, ಅಂಗಡಿ ನಂಗೆ ಬಿಟ್ಬಿಡಿ. ಈ ಪೆದ್ದನ ಕೈಲಿ ಏನಾಗುತ್ತೆ? ನೀವು ನಮ್ಮನೇಲಿ ಮುದ್ದೆ ತಿರುವ್ಕೊಂಡಿರಿ. ಇವ್ನು ಸೌದೆ ಒಡ್ಕೊಂಡಿರ್ಲಿ."

"ನನ್ನ ಗಂಡ ಕಟ್ಟಿದ ಅಂಗಡಿ. ಸತ್ರೂ ಬಿಡಲ್ಲ."

"ಹಂಗಾದ್ರೆ ಮಾರ್ಲಿ ನೋಡೋಣ. ಯುಗಾದಿ ಕಳೆದ ಮೇಲೆ ಛತ್ರದಲ್ಲಿ ಜಾದೂಗಾರರ ಸಭೆ. ಅಷ್ಟೊತ್ತಿಗೆ ಗಿರಾಕಿಗಳು ಉಳಿದ್ರೆ ಅಂಗಡಿ ನಿಮ್ದು. ಓಡೋದ್ರೆ ಬೀಗದ ಕೈ ನಂದು."

ಕುಲದ ಹಿರಿಯರು ನಾಲ್ಕು ಜನ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಎಲ್ಲರೂ ಹೂಂ ಅಂದರು. ಎಲೆ ಅಡಿಕೆ ತಂದವನು ನಾಗಲಿಂಗಾಚಾರಿ, ಹೂಂ ಅನ್ನದೆ ಇರುತ್ತಾರೆಯೇ!

ಕಾಳಮ್ಮ ಮಗನಿಗೆ ತಲೆ ಬಾಚಿ, ಒಗೆದ ಅಂಗಿ ಹಾಕಿ, ಅಂಗಡಿಯಲ್ಲಿ ಕೂರಿಸಿದಳು. "ನೋಡು ಮಗಾ, ಬಂದೋರಿಗೆ ಸಾಮಾನು ಚೆನ್ನಾಗಿ ತೋರ್ಸು. ನಗ್ತಾ ನಗ್ತಾ ತೋರ್ಸು. ಏನೂ ಮುಚ್ಚಿಡ್ಬೇಡ."

"ಆಗ್ಲಿ ಅವ್ವ."

ಮೊದಲು ಬಂದವರು ಪ್ರೊಫೆಸರ್ ಚಕ್ರಪಾಣಿ. ಯಾವ ಕಾಲೇಜಿನ ಪ್ರೊಫೆಸರ್ ಅಂತ ಕೇಳಬೇಡಿ. ಟೋಪಿಯಿಂದ ಮೊಲ ತೆಗೆದವರೆಲ್ಲ ಪ್ರೊಫೆಸರೇ. ಜರಿ ಪೇಟ, ಕರಿ ಕೋಟು, ಮೀಸೆಗೆ ಎಣ್ಣೆ. ಪಾರಿವಾಳದ ಪೆಟ್ಟಿಗೆ ನೋಡಬೇಕು ಅಂದರು. ಬೀದಿಯ ಹುಡುಗರೂ ಬಾಗಿಲಲ್ಲಿ ಗುಂಪುಗೂಡಿದರು.

ಮೌನೇಶ ನಗ್ತಾ ನಗ್ತಾ ಪೆಟ್ಟಿಗೆ ತೆಗೆದ. "ಇದು ಮುಚ್ಚಳ ಸ್ವಾಮಿ. ಇದು ತಳ. ಇದು ಕಳ್ಳ ತಳ! ಇಲ್ಲಿ ಕಿರುಬೆರಳಲ್ಲಿ ಒತ್ತಿದ್ರೆ ಹಲಗೆ ತಿರುಗುತ್ತೆ. ಪಾರಿವಾಳ ಹಿಂದಕ್ಕೋಗುತ್ತೆ. ಮುಂದೆ ಈ ಕನ್ನಡಿ. ನೋಡ್ದೋರು ಖಾಲಿ ಅನ್ಕೋತಾರೆ!"

ಹುಡುಗರು ಚಪ್ಪಾಳೆ ತಟ್ಟಿದರು. ಪ್ರೊಫೆಸರು ಮೀಸೆ ತಿರುವಿದರು. "ಗೊತ್ತಾಯ್ತಲ್ಲ! ಇನ್ನು ದುಡ್ಡು ಯಾಕೆ ಕೊಡ್ಲಿ? ನಮ್ಮೂರ ಬಡಗಿ ಮಾಡ್ಕೊಡ್ತಾನೆ!" ಅಂದು ಕೊಡೆ ಬಿಚ್ಚಿಕೊಂಡು ಹೊರಟೇ ಹೋದರು.

ಕಾಳಮ್ಮ ಓಡಿ ಬಂದಳು. "ಹಾಳಾದೋನೇ! ಗುಟ್ಟು ಹೇಳ್ಬಿಟ್ಯಾ?"

"ಮುಚ್ಚಿಡ್ಬೇಡ ಅಂದ್ಯಲ್ಲವ್ವ?"

"ಅಯ್ಯೋ ನನ್ನ ಕರ್ಮವೇ! ಗುಟ್ಟು ಹೇಳ್ಬಾರ್ದು ಕಣೋ! ಯಾರು ಕೇಳಿದ್ರೂ ಹೇಳ್ಬಾರ್ದು! ಪ್ರಾಣ ಹೋದ್ರೂ ಬಾಯಿ ಬಿಡ್ಬಾರ್ದು!"

"ಆಗ್ಲಿ ಅವ್ವ."

ಎರಡು ದಿನ ಬಿಟ್ಟು ಪೀರ್‌ಸಾಬರು ಬಂದರು. ವಯಸ್ಸಾದವರು, ಬಿಳಿ ಗಡ್ಡ, ಮರ್ಯಾದಸ್ಥ ಮನುಷ್ಯ. ಸೋಮಾಚಾರಿಯ ಕಾಲದಿಂದ ಈ ಅಂಗಡಿಯ ಗಿರಾಕಿ. ಸಂಜೆ ಒಂದು ಮದುವೆ ಮನೆಯಲ್ಲಿ ಆಟ ಇದೆ, ಪಾರಿವಾಳದ ಪೆಟ್ಟಿಗೆ ಬೇಕು ಅಂದರು. ದುಡ್ಡು ಇಟ್ಟರು. ಮುಚ್ಚಳದ ಮೇಲೆ ಅಂಗೈ ಇಟ್ಟರು. ಕಿವಿ ಕೊಟ್ಟರು.

ಮೌನೇಶ ಬಾಯಿ ಮುಚ್ಚಿಕೊಂಡ.

"ಹೇಳಪ್ಪ."

ಮೌನೇಶ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

"ಅರೆ, ದುಡ್ಡು ಕೊಟ್ಟಿದೀನಿ, ಹೇಳು ಮಗನೆ."

"ಪ್ರಾಣ ಹೋದ್ರೂ ಹೇಳಲ್ಲ!"

"ನಿಮ್ಮವ್ವನ್ನ ಕರಿ."

"ಅವ್ವ ಬಣ್ಣ ತರಕ್ಕೆ ಹೋಗವ್ಳೆ. ಅವ್ಳು ಬಂದ್ರೂ ಹೇಳಲ್ಲ!"

ಬಸ್ಸಿಗೆ ಹೊತ್ತಾಯಿತು. ನಲವತ್ತು ವರ್ಷ ಆಟ ಆಡಿದ ಕೈ, ನಾನೇ ಹುಡುಕಿಕೊಳ್ಳುತ್ತೇನೆ ಅಂದುಕೊಂಡು ಪೀರ್‌ಸಾಬರು ಪೆಟ್ಟಿಗೆ ಎತ್ತಿಕೊಂಡು ನಡೆದರು. ಆ ಮನೆಯ ಹಲಗೆ, ಹುಡುಕಿದರೆ ಸಿಗುತ್ತದೆಯೇ! ಮದುವೆ ಮನೆಯಲ್ಲಿ ಪಾರಿವಾಳವನ್ನು ಒಳಗೆ ಬಿಟ್ಟು ಮುಚ್ಚಳ ಹಾಕುವಾಗ ಬೆರಳು ಎಲ್ಲೋ ತಗುಲಿ ಹಲಗೆ ತಿರುಗಿತು, ಪಾರಿವಾಳ ಮಾಯ. ಸರಿ, ಮತ್ತೆ ಬರಬೇಕಲ್ಲ? ಬರಲಿಲ್ಲ. ಒತ್ತಿದರು, ತಟ್ಟಿದರು, ಮಗುಚಿ ಹಾಕಿದರು. ಒಳಗಿನಿಂದ ಗುಟರ್ ಗುಟರ್ ಅಂತ ಸದ್ದು. ಬೀಗರ ಕಡೆಯ ಹುಡುಗರು "ತಾತಾ, ಹಕ್ಕಿ ಮೊಟ್ಟೆ ಇಡ್ತಾ ಇರ್ಬೇಕು, ಇರಿ!" ಅಂದರು. ಕೊನೆಗೆ ಕೊಡಲಿ ತಂದು ಪೆಟ್ಟಿಗೆ ಸೀಳಿ ಹಕ್ಕಿಯನ್ನು ತೆಗೆಯಬೇಕಾಯಿತು. ನಲವತ್ತು ವರ್ಷ ತಲೆ ತಗ್ಗಿಸದ ಮನುಷ್ಯ ಆವತ್ತು ಹಿತ್ತಲ ಬಾಗಿಲಿಂದ ಎದ್ದು ಹೋದರು.

ಮಾರನೆ ದಿನ ಒಡೆದ ಹಲಗೆ ತಂದು ಕಾಳಮ್ಮನ ಮುಂದೆ ಇಟ್ಟರು. "ತಾಯಿ, ನನ್ನ ಗಡ್ಡ ಹಿಡಿದು ಎಳೆದಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ." ಅಷ್ಟೇ ಅಂದರು, ಹೋದರು.

ಕಾಳಮ್ಮ ಪೊರಕೆ ತಗೊಂಡಳು. "ಪಾಪಿ! ಅಂಥಾ ಅಪ್ಪಂಗೆ ಹುಟ್ಟಿ ಅವ್ರ ಮಾನ ತೆಗದ್ಯಲ್ಲೋ! ಕಾಸು ಕೊಟ್ಟೋರಿಗೆ ಹೇಳ್ಬೇಕು ಕಣೋ! ಕಾಸು ಕೊಟ್ಟೋರ್ನ ಯಾರ್ನೂ ಬಿಡ್ಬೇಡ, ಕಿವೀಲಿ ಹೇಳು! ಕಾಸು ಕೊಡ್ದೋರಿಗೆ ಹೇಳ್ಬೇಡ!"

"ಆಗ್ಲಿ ಅವ್ವ."

ಅಷ್ಟರಲ್ಲಿ ಪ್ರೊಫೆಸರ್ ಚಕ್ರಪಾಣಿ ಮತ್ತೆ ಬಂದರು. ಅವರ ಊರಿನ ಬಡಗಿ ಮಾಡಿಕೊಟ್ಟ ಪೆಟ್ಟಿಗೆಯಲ್ಲಿ ಬೆರಳು ತೂರುವಷ್ಟು ಸಂದು! ಮಾತಿಲ್ಲದೆ ದುಡ್ಡು ಇಟ್ಟರು, ಅಂಗೈ ಇಟ್ಟರು. ಮೌನೇಶ ಕಿವಿಯಲ್ಲಿ ಗುಟ್ಟು ಹೇಳಿದ. ಕಾಳಮ್ಮ ಒಳಗಿಂದಲೇ ದೇವರಿಗೆ ಕೈ ಮುಗಿದಳು. "ಭಾನುವಾರ ನಾಟಕದ ಕೊಟ್ಟಿಗೇಲಿ ನನ್ನ ಆಟ. ಪೆಟ್ಟಿಗೆ ಅಲ್ಲಿಗೇ ತಂದು ಕೊಡಯ್ಯ" ಅಂದರು ಪ್ರೊಫೆಸರು.

ಭಾನುವಾರ ಪೆಟ್ಟಿಗೆ ಹೊತ್ತುಕೊಂಡು ಹೋದ. ಬಾಗಿಲಲ್ಲಿ ಜನ ಕಾಸು ಕೊಟ್ಟು ಟಿಕೀಟು ತಗೊಂಡು ಒಳಗೆ ಹೋಗುತ್ತಿದ್ದರು. ಮೌನೇಶನಿಗೆ ಅವ್ವನ ಮಾತು ನೆನಪಾಯಿತು. ಪೆಟ್ಟಿಗೆ ಒಪ್ಪಿಸಿ ಮುಂದಿನ ಬೆಂಚಿಗೆ ಬಂದ.

"ಅಣ್ಣಾ, ಕಾಸು ಕೊಟ್ರಾ?"

"ಕೊಟ್ಟೆ ಕಣಯ್ಯಾ."

"ಹಂಗಾದ್ರೆ ಕಿವಿ ಕೊಡಿ."

ಒಂದು ಬೆಂಚು ಮುಗಿಯಿತು, ಎರಡು ಬೆಂಚು ಮುಗಿಯಿತು. ಹೆಂಗಸರ ಕಡೆಗೆ ಹೋಗಿ ದೂರದಿಂದ ಕೈ ಅಡ್ಡ ಇಟ್ಟುಕೊಂಡು ಹೇಳಿದ. ಕಿವಿ ಕೇಳದ ಮುದುಕನೊಬ್ಬನಿಗೆ ಮೂರು ಸಲ ಹೇಳಿದ. ಕೊನೆಯ ಸಾಲಿನಲ್ಲಿ ಪೊಲೀಸ್ ಜಮಾದಾರ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

"ಕಾಸು ಕೊಟ್ರಾ ಸ್ವಾಮಿ?"

"ನನ್ನ ಹತ್ರ ಯಾವನಯ್ಯಾ ಕಾಸು ಕೇಳೋನು?"

"ಹಂಗಾದ್ರೆ ನಿಮ್ಗೆ ಹೇಳಲ್ಲ!"

ಪರದೆ ಎದ್ದಿತು. ಪ್ರೊಫೆಸರು ಕೋಲು ಬೀಸಿದರು. "ಮಹಾಜನರೇ! ಪಾರಿವಾಳ ಎಲ್ಲಿ?"

"ಕಳ್ಳ ತಳದಲ್ಲಿ!" ಇಡೀ ಕೊಟ್ಟಿಗೆ ಒಂದೇ ಬಾಯಲ್ಲಿ ಕೂಗಿತು. "ಕಿರುಬೆರಳಲ್ಲಿ ಒತ್ತಿ ಸ್ವಾಮಿ, ಕಿರುಬೆರಳಲ್ಲಿ!" ಜಮಾದಾರ ಒಬ್ಬನೇ "ಏನು? ಎಲ್ಲಿ?" ಅಂತ ಆ ಕಡೆ ಈ ಕಡೆ ನೋಡುತ್ತಿದ್ದ.

ಪ್ರೊಫೆಸರು ಪೇಟ ಕಿತ್ತು ನೆಲಕ್ಕೆ ಬಡಿದರು. ಕಾಳಮ್ಮನ ಬಾಗಿಲಿಗೆ ಬಂದು ಊರು ಕೇಳುವ ಹಾಗೆ ಬೈದರು. ಅವರ ಹಿಂದೆಯೇ ನಾಗಲಿಂಗಾಚಾರಿಯೂ ಬಂದ, ಮುಖದಲ್ಲಿ ಹಬ್ಬ. "ನೋಡಿದ್ರಾ ಅತ್ಗೆ? ಇಬ್ರು ಹೋದ್ರು. ಲೋ ಮಂಕೇ, ಸಾಮಾನು ಮಾರೋದು ನೋಟೀಸಿಂದ ಕಣೋ! ನನ್ನ ನೋಟೀಸಲ್ಲಿ ಏನು ಬರ್ದಿದೆಯೋ ಅದು. ಬರೀದೆ ಇರೋದು ಒಂದಕ್ಷರ ನಿನ್ನ ಬಾಯಲ್ಲಿ ಬರ್ಕೂಡ್ದು! ಬರೀದೆ ಇರೋದು ಈ ಅಂಗಡೀಲಿ ಇಲ್ಲವೇ ಇಲ್ಲ, ತಿಳ್ಕೋ!"

"ಆಗ್ಲಿ ಚಿಕ್ಕಪ್ಪ."

ಮರುದಿನ ತುರುವೇಕೆರೆ ಕಡೆಯಿಂದ ಒಬ್ಬ ಜಾದೂಗಾರ ಬಂದ. ಬಿಸಿಲಲ್ಲಿ ನಡೆದು ಬಂದಿದ್ದ ಪಾಪ.

"ಕುಡಿಯೋಕೆ ಒಂಚೂರು ನೀರು ಕೊಡ್ತೀರಾ?"

ಮೌನೇಶ ನೋಟೀಸು ಎತ್ತಿ ನೋಡಿದ. "ಮೂರು ಲೋಕದಲ್ಲಿ ಇಲ್ಲ!"

"ನೀರಿಲ್ವಾ? ಹೋಗ್ಲಿ ಬಿಡಿ. ಬರಿದಾಗದ ಸೇರು ಹೆಂಗೆ ಹಿಡೀಬೇಕು?"

"ಮಗು ಕೂಡ ಮಾಡಬಹುದು!"

"ನಿಮ್ಮ ತಾಯಿ ಇದ್ದಾರಾ?"

"ನೋಡಿದವರು ಮೂರ್ಛೆ ಹೋಗಿ ಬೀಳುವುದು ಖಂಡಿತ!"

"ತಲೆ ನೆಟ್ಟಗಿದೆಯೇನಯ್ಯಾ ನಿಂಗೆ?"

"ಅತ್ಯದ್ಭುತ! ಪರಮಾಶ್ಚರ್ಯ!"

ಆ ಮನುಷ್ಯನಿಗೆ ಪಿತ್ತ ನೆತ್ತಿಗೇರಿತು. "ಯಾವನಯ್ಯಾ ಮೂರ್ಛೆ ಹೋದವನು? ನಿನ್ನ ಸೇರು ನೋಡಿ ಅರ್ಧ ಗಂಟೆ ಆಯ್ತು, ನಿಂತೇ ಇದೀನಿ! ಸುಳ್ಳು ಅಚ್ಚು ಹಾಕ್ಸಿ ಹೊಟ್ಟೆ ಹೊರೀತೀರ!" ಅಂದು ನೋಟೀಸು ಹರಿದು ಎಸೆದು ಹೋದ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡೇ ಹೋದ.

ಕಾಳಮ್ಮನಿಗೆ ಸಿಟ್ಟು ಬಂದದ್ದು ಮೈದುನನ ಮೇಲೆ. ಬಿದ್ದದ್ದು ಮಗನ ಬೆನ್ನ ಮೇಲೆ. ಯಾವಾಗಲೂ ಹಾಗೇ ಅಲ್ಲವೇ! "ಬಾಯಲ್ಲಿ ಒದರಿದ್ರೆ ಆಯ್ತೇನೋ ಮುಂಡೇದೆ? ಬರ್ದಂಗೆ ನಡೀಬೇಕು ಕಣೋ! ನಮ್ಮ ಅಂಗಡೀಲಿ ಬರ್ದ ಮಾತು ಸುಳ್ಳಾಗ್ಬಾರ್ದು! ಏನಾದ್ರೂ ಮಾಡು, ನಿಜ ಮಾಡಿ ತೋರ್ಸು!"

"ಆಗ್ಲಿ ಅವ್ವ."

ಇನ್ನು ಮುಂದಿನದು ಹೇಳುವುದಕ್ಕೆ ನನಗೇ ಬೇಜಾರು. ಪ್ರೊಫೆಸರ್ ಚಕ್ರಪಾಣಿ ಪೆಟ್ಟಿಗೆಯ ದುಡ್ಡು ವಾಪಸು ಕೇಳಲು ಬಂದರು. ಅಲ್ಲೇ ಸೇರು ಇತ್ತು. ಕಣ್ಣು ಬಿತ್ತು. ಜಾದೂಗಾರನ ಕಣ್ಣು, ಸುಮ್ಮನಿರುತ್ತದೆಯೇ! ಕೈಗೆತ್ತಿಕೊಂಡು ತಿರುಗಿಸಿದರು.

"ನೋಡಿದ್ರಾ ಸ್ವಾಮಿ?"

"ನೋಡ್ದೆ."

"ಬೀಳಿ."

"ಏನಂದೆ?"

"ಮೂರ್ಛೆ ಹೋಗಿ ಬೀಳಿ ಸ್ವಾಮಿ. ಬರ್ದಿದೆ."

"ನಾನ್ಯಾಕಯ್ಯಾ ಬೀಳ್ಲಿ? ಬೀಳಲ್ಲ!"

ಮೌನೇಶ ಉಳಿ ಬಡಿಯುವ ಕೊಡತಿ ಎತ್ತಿದ. ಪೇಟದ ಮೇಲೆ ಒಂದೇ ಪೆಟ್ಟು, ಟಪ್! ಪ್ರೊಫೆಸರು ಹಲಗೆಯ ರಾಶಿಯ ಮೇಲೆ ಉದ್ದಕ್ಕೆ ಮಲಗಿದರು.

"ಅವ್ವಾ, ಬಿದ್ರು! ನಿಜ ಆಯ್ತು!"

ಕಾಳಮ್ಮ ನೀರು ಚಿಮುಕಿಸಿದಳು, ಈರುಳ್ಳಿ ಮೂಸಿಸಿದಳು, ಕಾಲು ಹಿಡಿದಳು. ಹೆಂಗಸು ಕಾಲು ಹಿಡಿದದ್ದಕ್ಕೆ ಪೊಲೀಸರ ಹತ್ತಿರ ಹೋಗಲಿಲ್ಲ ಆ ಮನುಷ್ಯ, ಆದರೆ ಹಣೆ ಉಜ್ಜಿಕೊಳ್ಳುತ್ತ ಹೇಳಿದ್ದು ಇಷ್ಟು: "ಸಭೆಗೆ ಬರ್ತೀನಿ. ನಲವತ್ತು ಜನ ಜಾದೂಗಾರರ ಮುಂದೆ ಈ ಅಂಗಡಿಗೆ ನಾನೇ ಬಾಗಿಲು ಹಾಕಿಸ್ತೀನಿ!"

ಆವತ್ತು ಕಾಳಮ್ಮ ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಅತ್ತಳು. ಮೌನೇಶ ಪಕ್ಕದಲ್ಲಿ ಕೂತು ಅವಳ ಸೆರಗಿನ ತುದಿ ಹಿಡಿದುಕೊಂಡ. "ಅವ್ವಾ, ಏನು ಮಾಡ್ಬೇಕು ಹೇಳವ್ವ, ಮಾಡ್ತೀನಿ." ಹೇಳಿದ್ದೆಲ್ಲ ಮಾಡುವ ಮಗ ಯಾರಿಗಿದ್ದಾನೆ? ನಿಮಗಿದ್ದಾನಾ? ನನಗಂತೂ ಇಲ್ಲ.

"ಕೈ ಮಾಡ್ಬೇಡ ಮಗಾ" ಅಂದಳು ಕಣ್ಣೊರೆಸಿಕೊಂಡು. "ಯಾರಿಗೂ ಹೊಡೀಬೇಡ, ನೋವು ಮಾಡ್ಬೇಡ. ಬರ್ದಿದ್ದು ನಿಜ ಆಗ್ಬೇಕಾದ್ರೆ ಪೆಟ್ಟಿಗೆಯಿಂದ್ಲೇ ಆಗ್ಬೇಕು. ಪೆಟ್ಟಿಗೆಯೊಳಗೆ ಹೋದೋರು ಸುಖವಾಗಿರ್ಬೇಕು."

"ಆಗ್ಲಿ ಅವ್ವ."

ಸಭೆಯ ದಿನ ಬಂತು. ಆಳು ನಿಲ್ಲುವಷ್ಟು ಎತ್ತರದ ಮಹಾಮಾಯಾ ಪೆಟ್ಟಿಗೆ ತಯಾರಾಗಿತ್ತು. ಅಪ್ಪನ ಲೆಕ್ಕಾಚಾರ, ಮಗನ ಕೈ, ಅವ್ವನ ಬಣ್ಣ. ನಾಗಲಿಂಗಾಚಾರಿ ಅದಕ್ಕೆ ಆಳುದ್ದದ ನೋಟೀಸು ಅಚ್ಚು ಹಾಕಿಸಿದ. ಇನ್ನೇನು ಅಂಗಡಿ ತನ್ನದೇ, ಹೆಸರೂ ತನಗೇ ಇರಲಿ ಅಂತ ತಾನೇ ಪೆಟ್ಟಿಗೆಯೊಳಗೆ ಹೋಗುತ್ತೇನೆ ಅಂದ. ಆಟ ಹೀಗೆ: ಅವನು ಒಳಗೆ ಹೋಗಿ ಕಳ್ಳ ಹಲಗೆಯ ಹಿಂದೆ ನಿಲ್ಲಬೇಕು. ಬಾಗಿಲು ತೆಗೆದು ಖಾಲಿ ತೋರಿಸಿ, ಮೌನೇಶ ಪೆಟ್ಟಿಗೆಯನ್ನು ಛತ್ರದ ಹಿಂದಕ್ಕೆ ತಳ್ಳಿಕೊಂಡು ಹೋಗಬೇಕು. ಅಲ್ಲಿ ಹೊರಗಿನ ಚಿಲಕ ತೆಗೆದರೆ ಚಿಕ್ಕಪ್ಪ ಇಳಿದು ಸುತ್ತುಹಾಕಿ ಮುಂಬಾಗಿಲಲ್ಲಿ "ಇಗೋ ಬಂದೆ!" ಅನ್ನಬೇಕು.

ನಲವತ್ತು ಜನ ಜಾದೂಗಾರರು ಚಾಪೆಯ ಮೇಲೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಪ್ರೊಫೆಸರು, ಮೂಲೆಯಲ್ಲಿ ಪೀರ್‌ಸಾಬರು. ಕಾಳಮ್ಮ ಬಾಗಿಲ ಹೊರಗೆ. ಹೆಂಗಸರಿಗೆ ಒಳಗೆ ಜಾಗ ಇಲ್ಲವಲ್ಲ!

ನಾಗಲಿಂಗಾಚಾರಿ ಎದೆ ಉಬ್ಬಿಸಿ ನೋಟೀಸು ಓದಿದ: "ಒಳಗೆ ಹೋದವನು ಕ್ಷಣದಲ್ಲಿ ಮಾಯ! ಛತ್ರವೆಲ್ಲ ಹುಡುಕಿದರೂ ಸಿಗುವುದಿಲ್ಲ! ನೂರು ಮೈಲಿ ದೂರದಲ್ಲಿ ಪ್ರತ್ಯಕ್ಷ!" ಒಳಗೆ ಹೋದ. ಮೌನೇಶ ಬಾಗಿಲು ಹಾಕಿದ. ಬಾಗಿಲು ತೆಗೆದ. ಖಾಲಿ! ಮೌನೇಶ ಪೆಟ್ಟಿಗೆ ತಳ್ಳಿಕೊಂಡು ಹಿಂದಕ್ಕೆ ಹೋದ.

ಹಿಂದೆ ತೆಂಗಿನ ನಾರಿನ ಲಾರಿ ನಿಂತಿತ್ತು. ಚಾಲಕ ಬೀಡಿ ಸೇದುತ್ತಿದ್ದ.

"ಅಣ್ಣಾ, ಲಾರಿ ನೂರು ಮೈಲಿ ಹೋಗುತ್ತಾ?"

"ನೂರಾ ಇಪ್ಪತ್ತು ಹೋಗುತ್ತೆ."

"ಅಷ್ಟು ಬೇಡ. ಮೈಲಿಕಲ್ಲು ಎಣಿಸ್ಕೊಂಡು ನೂರಕ್ಕೆ ಇಳಿಸ್ಬಿಡಿ. ಇಳಿಸಿ ಚಿಲಕ ತೆಗೀರಿ. ಮುಂಚೆ ತೆಗೀಬೇಡಿ."

ಒಳಗೆ ಹೋದವರು ಸುಖವಾಗಿರಬೇಕಲ್ಲ! ಮೌನೇಶ ಗಾಳಿ ಕಿಂಡಿಯಿಂದ ನಾಲ್ಕು ಬಾಳೆಹಣ್ಣು ಒಳಕ್ಕೆ ತಳ್ಳಿದ. ಚಿಕ್ಕಪ್ಪ ತಗೊಂಡ. ಮೌನೇಶನೂ ಚಾಲಕನೂ ಸೇರಿ ಪೆಟ್ಟಿಗೆಯನ್ನು ಲಾರಿಗೆ ಏರಿಸಿದಾಗಲೂ, ಜಾದೂಗಾರರಿಗೆ ಕೇಳಿಸೀತು ಅಂತ ಉಸಿರೆತ್ತಲಿಲ್ಲ. ಲಾರಿ ಹೊರಟ ಮೇಲೆ ಅವನು ಕೂಗಿದ, ಗುದ್ದಿದ, ಅಜ್ಜಿ ಅಜ್ಜಂದಿರನ್ನೆಲ್ಲ ಕರೆದ. ಲಾರಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಛತ್ರದಲ್ಲಿ ಎಲ್ಲರೂ ಮುಂಬಾಗಿಲು ನೋಡಿದರು. ಯಾರೂ ಬರಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ.

"ಎಲ್ಲಯ್ಯಾ ನಿಮ್ಮ ಚಿಕ್ಕಪ್ಪ?" ಅಂದರು ಪ್ರೊಫೆಸರು.

"ಕ್ಷಣದಲ್ಲಿ ಮಾಯ!"

"ಸರಿ, ಎಲ್ಲಿ ಬಚ್ಚಿಟ್ಟಿದೀಯ?"

"ಛತ್ರವೆಲ್ಲ ಹುಡುಕಿದರೂ ಸಿಗುವುದಿಲ್ಲ!"

ಹುಡುಕಿದರು! ನಲವತ್ತು ಜನ ಕಣ್ಕಟ್ಟಿನವರು ಅಟ್ಟ ಹತ್ತಿದರು, ಬಾವಿಗೆ ಇಣುಕಿದರು, ಕೊಪ್ಪರಿಗೆಯ ಮುಚ್ಚಳ ತೆಗೆದರು. ನಾಗಲಿಂಗಾಚಾರಿ ಇಲ್ಲ. ಪೆಟ್ಟಿಗೆಯೂ ಇಲ್ಲ. ಯಾರಿಗೂ ನಿದ್ದೆ ಬರಲಿಲ್ಲ, ಯಾರೂ ಊರಿಗೆ ಹೋಗಲಿಲ್ಲ. ಬೆಳಿಗ್ಗೆ ಟೆಲಿಗ್ರಾಂ ಬಂತು, ಪೀರ್‌ಸಾಬರು ಗಟ್ಟಿಯಾಗಿ ಓದಿದರು: "ನೂರನೇ ಮೈಲಿಕಲ್ಲಿನ ಹತ್ತಿರ ಇದ್ದೇನೆ. ಇದ್ದ ಕಾಸು ತಂತಿಗೇ ಆಯಿತು, ಬಸ್ಸಿಗೆ ಇಲ್ಲ. ನಾಗಲಿಂಗಾಚಾರಿ."

ಸಂತೋಷಪಡಬೇಕಾಗಿತ್ತು ತಾನೆ? ಇಲ್ಲ! ಸಿಡಿದೆದ್ದರು. "ನೋಟೀಸಿನಲ್ಲಿ ಬರೆದದ್ದು ನಿಜ ಆಗೋದು ಅಂದ್ರೇನು?" ಅಂತ ಪ್ರೊಫೆಸರು ಗುಡುಗಿದರು. "ನಾಳೆ ಜನ ನಮ್ಮನ್ನೂ ನಿಜ ಮಾಡು ಅಂತಾರೆ! ಇದು ಕಸುಬಿಗೇ ದ್ರೋಹ!" ಹೂಂ ಹೂಂ ಅಂದರು ಎಲ್ಲರೂ. ಸುಳ್ಳು ಕೊಟ್ಟಾಗ ಸುಮ್ಮನೆ ಕೊಂಡ ಜನ, ಒಂದು ಸಲ ನಿಜ ಕೊಟ್ಟದ್ದಕ್ಕೆ ತೋಳು ಮಡಿಸಿಕೊಂಡು ನಿಂತರು. ಇವರ ಮುಖಕ್ಕಿಷ್ಟು!

ಕಾಳಮ್ಮ ಹೊರಗೆ ಮಗನ ಕಿವಿ ಹಿಂಡಿ ಕೇಳಿದ್ದಳು, ಲಾರಿಯ ವಿಷಯ ತಿಳಿದಿದ್ದಳು. ಇನ್ನು ತಡೆಯಲಾರದೆ ಹೊಸ್ತಿಲು ದಾಟಿ ಒಳಗೆ ಬಂದಳು. ಅವಳ ಗಂಡನೂ ದಾಟಿಸದ ಹೊಸ್ತಿಲು.

"ನಿಮ್ಮ ಮನೆ ಹಾಳಾಗ! ನನ್ನ ಮಗ ಮುಚ್ಚಿಡ್ದೆ ಹೇಳ್ದ, ಬೈದ್ರಿ. ಮುಚ್ಚಿಟ್ಟ, ಬೈದ್ರಿ. ಓದ್ದ, ಬೈದ್ರಿ. ಬರ್ದಂಗೆ ಮಾಡ್ದ, ಅದಕ್ಕೂ ಬೈತೀರಿ! ನಿಮ್ಮಲ್ಲಿ ಒಬ್ಬನಾದ್ರೂ ಹೇಳಿದಂಗೆ ನಡ್ಕೊಂಡೋನು ಇದ್ರೆ ಎದ್ದು ನಿಲ್ರೋ ನೋಡೋಣ!"

ಯಾರೂ ಏಳಲಿಲ್ಲ. ಕೊನೆಗೆ ಮೂಲೆಯಿಂದ ಪೀರ್‌ಸಾಬರು ಎದ್ದು ಬಂದರು. ಸೊಂಟದಿಂದ ದುಡ್ಡು ತೆಗೆದು ಅವಳ ಮುಂದೆ ಇಟ್ಟರು. ಅಂಗೈ ಇಡಲು ಪೆಟ್ಟಿಗೆಯೇ ಇರಲಿಲ್ಲ, ಅವಳ ಮುಂದಿನ ನೆಲದ ಮೇಲೆ ಇಟ್ಟರು. ಬಗ್ಗಿದರು. "ತಾಯಿ, ನೀವೇ ಹೇಳಿ. ನಿಮ್ಮ ಬಾಯಿಂದಲೇ ಕೇಳ್ತೀನಿ."

ಕಾಳಮ್ಮ ಸೆರಗು ಸರಿಮಾಡಿಕೊಂಡು ಅವರ ಕಿವಿಯ ಹತ್ತಿರ ಬಗ್ಗಿದಳು. ಹೇಳಿದಳು. ಹಲಗೆ ಹೇಳಿದಳು, ಚಿಲಕ ಹೇಳಿದಳು, ಲಾರಿಯನ್ನೂ ಹೇಳಿದಳು. ಮುದುಕ ಗಡ್ಡ ಅಲ್ಲಾಡುವ ಹಾಗೆ ನಕ್ಕು ನೆಲಕ್ಕೆ ಕೂತರು. "ಪೆಟ್ಟಿಗೆ ಒಂದು ಮಾಡ್ಸಿ ಕೊಡಿ. ಲಾರಿ ನಾನು ನೋಡ್ಕೋತೀನಿ!" ಪೀರ್‌ಸಾಬರಿಗೆ ಗೊತ್ತಾದದ್ದು ತಮಗೆ ಗೊತ್ತಿಲ್ಲ ಅಂದರೆ ಉಳಿದವರು ಬದುಕುತ್ತಾರೆಯೇ! ಒಬ್ಬೊಬ್ಬರಾಗಿ ಬಂದು ದುಡ್ಡು ಇಟ್ಟು ಕಿವಿ ಬಗ್ಗಿಸಿದರು. ಕಡೆಯಲ್ಲಿ ಪ್ರೊಫೆಸರೂ ಬಂದರು, ಪಟ್ಟಿ ಕಟ್ಟಿದ ಹಣೆಯ ಸಮೇತ. ಮೊದಲೇ ಬಗ್ಗಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಯಾವನ ಕೈಯೂ ಬಿದ್ದುಹೋಗಲಿಲ್ಲ, ಯಾವನ ಜಾದೂವೂ ಕೆಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ನಾಗಲಿಂಗಾಚಾರಿ ಬಂದ. ತಲೆಯಲ್ಲಿ ತೆಂಗಿನ ನಾರು, ಕಾಲಲ್ಲಿ ಚಪ್ಪಲಿ ಇಲ್ಲ, ಕಣ್ಣು ಕೆಂಡ. ಕೈಯಲ್ಲಿ ದೊಣ್ಣೆ. ಹಿಂದೆ ಎಲೆ ಅಡಿಕೆಯ ಹಿರಿಯರು ನಾಲ್ವರು.

"ಎಲ್ಲೋ ಅವ್ನು? ನನ್ನ ಕೊಲ್ಲಕ್ಕೆ ನೋಡ್ದ! ಈ ಅಂಗಡಿ ಇವ್ರ ಕೈಲಿದ್ರೆ ಊರೇ ಉಳಿಯಲ್ಲ! ತತ್ತಾ ಬೀಗದ ಕೈ!"

ಮೌನೇಶ ಬಾಗಿಲಿಗೆ ಬಂದು ಚಿಕ್ಕಪ್ಪನನ್ನು ನೋಡಿದ. ಗೋಡೆಗೆ ಅಂಟಿಸಿದ್ದ ಆಳುದ್ದದ ನೋಟೀಸು ನೋಡಿದ. ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದ. ಮತ್ತೆ ಚಿಕ್ಕಪ್ಪನನ್ನು ನೋಡಿದ.

"ನೀವು ಬಂದಿಲ್ಲ ಚಿಕ್ಕಪ್ಪ."

"ಏನಂದ್ಯೋ?"

"ಮಾಯ ಅಂತ ಬರ್ದಿದೆ. ನೂರು ಮೈಲಿ ಬರ್ದಿದೆ. ವಾಪಸ್ ಬರ್ತಾರೆ ಅಂತ ಬರ್ದಿಲ್ಲ. ಬರೀದೆ ಇರೋದು ಈ ಅಂಗಡೀಲಿ ಇಲ್ಲ!"

ಅಂದವನೇ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬಾಗಿಲು ಹಾಕಿಬಿಟ್ಟ. ಅವನು ಕೂಡಿಸಿದ ಹಲಗೆ! ಚಿಕ್ಕಪ್ಪ ಉಗುರು ತೂರಿಸಲು ನೋಡಿದ, ಸಂದು ಸಿಗಲಿಲ್ಲ. ದೊಣ್ಣೆಯಲ್ಲಿ ಬಡಿದ.

"ಲೋ! ನಾನೇ ಕಣೋ ಬರ್ದೋನು! ಈಗ್ಲೇ ಬರೀತೀನಿ, ವಾಪಸ್ ಬಂದ ಅಂತ ಬರೀತೀನಿ! ಪೆನ್ಸಿಲ್ ಕೊಡೋ!"

ಬರೆಯುತ್ತೇನೆ ಅಂದರೆ ಮೌನೇಶ ಬೇಡ ಅನ್ನುತ್ತಾನೆಯೇ? "ತಂದ್ಕೊಡ್ತೀನಿ ಚಿಕ್ಕಪ್ಪ!" ಅಂತ ಒಳಗೆ ಓಡಿದ. "ಅವ್ವಾ, ಪೆನ್ಸಿಲ್ ಎಲ್ಲಿ?"

ಕಾಳಮ್ಮ ಒಲೆಯ ಮುಂದೆ ಕೂತಿದ್ದಳು. ಅಳತೆ ಗುರುತು ಹಾಕುವ ಪೆನ್ಸಿಲ್ಲು ಅವಳ ಕೈಯಲ್ಲೇ ಇತ್ತು. ಅದನ್ನು ಉರಿಯೊಳಕ್ಕೆ ಹಾಕಿದಳು. ಚಟಪಟ ಅಂತ ಉರಿಯಿತು.

"ಇಲ್ಲೇ ಎಲ್ಲೋ ಇರ್ಬೇಕು ಮಗಾ. ಹುಡುಕು. ಸಿಗೋವರ್ಗೂ ಬಾಗಿಲು ತೆಗೀಬೇಡ."

"ಆಗ್ಲಿ ಅವ್ವ."

ಹುಡುಕುತ್ತಿದ್ದಾನೆ. ಇವತ್ತಿಗೂ ಹುಡುಕುತ್ತಿದ್ದಾನೆ. ಅಂಗಡಿ ಈಗ ಹಿತ್ತಲ ಬಾಗಿಲಿಂದ ನಡೆಯುತ್ತದೆ, ಗುಟ್ಟು ಕಾಳಮ್ಮನೇ ಹೇಳುತ್ತಾಳೆ. ನಾಗಲಿಂಗಾಚಾರಿ ಮುಂಬಾಗಿಲಲ್ಲಿ ಕೂತು ಬಡಿಯುತ್ತಲೇ ಇದ್ದಾನೆ. ಕೊಳಗಟ್ಟದ ಕಡೆ ಹೋದವರು ಯಾರಾದರೂ ಪೆನ್ಸಿಲ್ಲು ತಗೊಂಡು ಹೋದರೆ ನೋಡಿ, ನಿಮ್ಮ ಕಾಲು ಮುರಿಯುತ್ತೇನೆ!